ಹಳೇ ಅಮೆರಿಕನ್ ಡೈಮ್: ಮೊದಲು ಅಂಚು ನೋಡಿ

ಪ್ರಶ್ನೆ: ಅಮೆರಿಕದಿಂದ ಬಂದ ಒಂದಷ್ಟು ಹಳೇ ಡೈಮ್‌ಗಳು ಮನೆಯಲ್ಲಿವೆ. ಅವುಗಳಲ್ಲಿ ಬೆಲೆಬಾಳುವುದು ಯಾವುದು ಅಂತ ನಾವೇ ಕಂಡುಹಿಡಿಯಬಹುದಾ?

ಖಂಡಿತ ಆಗುತ್ತೆ. ಒಳ್ಳೆಯ ಬೆಳಕು, ಒಂದು ಭೂತಗನ್ನಡಿ ಇದ್ದರೆ ಸಾಕು. ಆದರೆ ಪರೀಕ್ಷಿಸುವ ಮುಂಚೆ ದಯವಿಟ್ಟು ತೊಳೆಯಬೇಡಿ. ಯಾಕೆ ಅನ್ನೋದನ್ನು ಮುಂದೆ ಹೇಳುತ್ತೇನೆ.

ಡೈಮ್ ಅಂದರೆ 10 ಸೆಂಟ್. ಇಸವಿ ಓದುವುದಕ್ಕೂ ಮೊದಲು ಅದರ ಅಂಚು ನೋಡಿ. ಅಂಚಿನ ಸುತ್ತ ತಾಮ್ರದ ಕೆಂಪು ಗೆರೆ ಕಂಡರೆ ಅದರಲ್ಲಿ ಬೆಳ್ಳಿ ಇಲ್ಲ. ಒಳಗೆ ತಾಮ್ರ, ಎರಡೂ ಬದಿಗೆ ತಾಮ್ರ-ನಿಕ್ಕಲ್ ಪದರ. ಅಂಚು ಪೂರ್ತಿ ಒಂದೇ ಬಿಳಿ ಬಣ್ಣವಾಗಿದ್ದರೆ ಇಸವಿ ನೋಡಿ, ಸಾಮಾನ್ಯವಾಗಿ 1964 ಅಥವಾ ಅದಕ್ಕಿಂತ ಹಳೆಯದಿರುತ್ತದೆ. ಆ ಕಾಲದ ಡೈಮ್‌ನಲ್ಲಿ ಶೇ. 90 ಬೆಳ್ಳಿ. ತೂಕ 2.5 ಗ್ರಾಂ. ಈಗಿನದು 2.27 ಗ್ರಾಂ. ಬೆಳ್ಳಿ ಬೆಲೆ ಏರಿ, ಜನ ನಾಣ್ಯ ಕೂಡಿಡುತ್ತಾ ಹೋಗಿ ಚಿಲ್ಲರೆಗೆ ತತ್ವಾರವಾದಾಗ ಅಲ್ಲಿನ ಸರ್ಕಾರ 1965ರಲ್ಲಿ ಕಾನೂನು ಮಾಡಿ ಡೈಮ್‌ನಿಂದ ಬೆಳ್ಳಿ ತೆಗೆಯಿತು.

ಹಾಗಾಗಿ ಪ್ರತಿ ಬೆಳ್ಳಿ ಡೈಮ್‌ಗೂ ಸುಮಾರು 2.25 ಗ್ರಾಂ ಬೆಳ್ಳಿಯ ಬೆಲೆ ಇದ್ದೇ ಇದೆ. ಹೆಚ್ಚಿನವಕ್ಕೆ ಅಷ್ಟೇ. 1964ರ ಇಸವಿ ಹೊತ್ತ ಡೈಮ್‌ಗಳೇ 200 ಕೋಟಿಗೂ ಜಾಸ್ತಿ ಅಚ್ಚಾಗಿವೆ. ಅರವತ್ತು ವರ್ಷ ಹಳೆಯದು ಅಂತ ಹೇಳಿ ಯಾರೋ ಸಾವಿರಾರು ರೂಪಾಯಿ ಕೇಳಿದರೆ ಕೊಡಬೇಡಿ.

ಬೆಳ್ಳಿಗಿಂತ ಜಾಸ್ತಿ ಬೆಲೆ ತರುವುದು ಒಂದು ಪುಟ್ಟ ಅಕ್ಷರ. ಯಾವ ಟಂಕಸಾಲೆಯದು ಅಂತ ಹೇಳುವ ಅಕ್ಷರ ಅದು. ಡಿ ಅಂದರೆ ಡೆನ್ವರ್, ಎಸ್ ಅಂದರೆ ಸ್ಯಾನ್ ಫ್ರಾನ್ಸಿಸ್ಕೋ. ಆಗಿನ ಫಿಲಡೆಲ್ಫಿಯಾ ಡೈಮ್‌ಗಳಲ್ಲಿ ಅಕ್ಷರವೇ ಇಲ್ಲ. 1946ರಿಂದ 1964ರವರೆಗಿನ ರೂಸ್‌ವೆಲ್ಟ್ ಡೈಮ್ ಆದರೆ ಹಿಂಬದಿಯ ಪಂಜಿನ ಬುಡದ ಎಡಕ್ಕೆ ಹುಡುಕಿ.

ಅದಕ್ಕೂ ಹಿಂದಿನದು ಮರ್ಕ್ಯುರಿ ಡೈಮ್, 1916ರಿಂದ 1945ರವರೆಗಿನದು. ರೆಕ್ಕೆಯ ಟೋಪಿ ತೊಟ್ಟ ಲಿಬರ್ಟಿಯ, ಅಂದರೆ ಸ್ವಾತಂತ್ರ್ಯದ ಸಂಕೇತವಾದ ಹೆಣ್ಣಿನ ಮುಖ. ಅಡಾಲ್ಫ್ ವೈನ್‌ಮನ್ ಎಂಬ ಶಿಲ್ಪಿಯ ಕೆಲಸ. ಅಮೆರಿಕದ ಚಿಲ್ಲರೆಯಲ್ಲಿ ಇಷ್ಟು ಚೆಂದದ್ದು ಇನ್ನೊಂದಿಲ್ಲ ಅಂತ ನನ್ನ ಅನಿಸಿಕೆ. ಹಿಂಬದಿಯಲ್ಲಿ ಕಟ್ಟಿಗೆಯ ಕಟ್ಟು, ಅದರ ಜೊತೆ ಕೊಡಲಿ ಇದೆ. ಕಟ್ಟಿನ ಬುಡದ ಎಡಗಡೆ ಅಕ್ಷರ ಇರುತ್ತದೆ. 1916ರದ್ದಾಗಿದ್ದು ಅಲ್ಲಿ ಡಿ ಕಂಡರೆ ಎದೆ ಡವಗುಟ್ಟಲೇಬೇಕು! ಆ ವರ್ಷ ಡೆನ್ವರ್‌ನಲ್ಲಿ ಇವು ಅಚ್ಚಾದದ್ದು ಬರೀ 2,64,000. ಅದೇ ವರ್ಷ ಫಿಲಡೆಲ್ಫಿಯಾದಲ್ಲಿ 2 ಕೋಟಿಗೂ ಮಿಕ್ಕಿ. ಸವೆದು ನುಣುಪಾದ ಡೆನ್ವರ್ ಡೈಮ್‌ಗೂ ನೂರಾರು ಡಾಲರ್ ಬೆಲೆ ಇದೆ. ಅದಕ್ಕೇ ಮೋಸವೂ ಜಾಸ್ತಿ. ಫಿಲಡೆಲ್ಫಿಯಾ ನಾಣ್ಯಕ್ಕೆ ಡಿ ಅಂಟಿಸಿ ಮಾರುವವರಿದ್ದಾರೆ. ಪಿಸಿಜಿಎಸ್ ಅಥವಾ ಎನ್‌ಜಿಸಿಯಂಥ ಸಂಸ್ಥೆ ಪರೀಕ್ಷಿಸಿ ಮೊಹರು ಮಾಡಿದ್ದನ್ನು ಬಿಟ್ಟು ಬೇರೆ ಯಾವ 1916ರ ಡಿ ಡೈಮನ್ನೂ ಕೊಳ್ಳಬೇಡಿ.

ಆ ಕಟ್ಟಿಗೆಯ ಕಟ್ಟಿನ ನಡುವೆ ಎರಡು ಅಡ್ಡಪಟ್ಟಿಗಳಿವೆ. ಭೂತಗನ್ನಡಿಯಲ್ಲಿ ನೋಡಿ. ಎರಡರ ಮಧ್ಯದ ಗೀರು ಎಲ್ಲೂ ತುಂಡಾಗದೆ ಸ್ಪಷ್ಟವಾಗಿ ಕಂಡರೆ ಅಚ್ಚು ಚೆನ್ನಾಗಿ ಬಿದ್ದಿದೆ ಅಂತ ಅರ್ಥ. ಚಲಾವಣೆಗೆ ಹೋಗದ ಇಂಥ ನಾಣ್ಯಕ್ಕೆ ಸಂಗ್ರಾಹಕರು ಹೆಚ್ಚು ಕೊಡುತ್ತಾರೆ.

ಈಗ ತೊಳೆಯುವ ವಿಷಯ. ಹಬ್ಬಕ್ಕೆ ಬೆಳ್ಳಿ ದೀಪವನ್ನು ವಿಭೂತಿ ಹಾಕಿ ಉಜ್ಜುತ್ತೇವೆ ಅಲ್ವಾ, ಆ ಅಭ್ಯಾಸ ಇಲ್ಲಿ ಬೇಡವೇ ಬೇಡ. ಅಚ್ಚು ಬಿದ್ದ ಒತ್ತಡಕ್ಕೆ ಲೋಹ ಹರಿದು ಕಣ್ಣಿಗೆ ಕಾಣದಷ್ಟು ಸಣ್ಣ ಗೆರೆಗಳು ಮೂಡಿರುತ್ತವೆ. ಹೊಸ ನಾಣ್ಯದ ಹೊಳಪು ಬರುವುದೇ ಅವುಗಳಿಂದ. ಉಜ್ಜಿದರೆ ಅವು ಹೋಗುತ್ತವೆ, ಮತ್ತೆ ಬರುವುದಿಲ್ಲ. ಬೆಳ್ಳಿ ಕಪ್ಪಾಗಿದ್ದರೂ ಹಾಗೇ ಬಿಡಿ. ಪಿವಿಸಿ ಇರುವ ಮೆತ್ತನೆಯ ಪ್ಲಾಸ್ಟಿಕ್ ಕವರ್‌ನಲ್ಲೂ ಇಡಬೇಡಿ, ಕ್ರಮೇಣ ಹಸಿರು ಅಂಟು ಕೂರುತ್ತದೆ.

ಅದೇ ಡಬ್ಬಿಯಲ್ಲಿ 5 ಸೆಂಟಿನ ನಿಕ್ಕಲ್‌ಗಳಿದ್ದರೆ ಅವನ್ನೂ ತಿರುವಿ ನೋಡಿ. ಇಲ್ಲಿ ಅಂಚು ಏನೂ ಹೇಳುವುದಿಲ್ಲ. ಎರಡನೇ ಮಹಾಯುದ್ಧಕ್ಕೆ ನಿಕ್ಕಲ್ ಲೋಹ ಬೇಕಾಗಿದ್ದರಿಂದ 1942ರ ಮಧ್ಯದಿಂದ 1945ರವರೆಗೆ ಅದರ ಬದಲು ಶೇ. 35 ಬೆಳ್ಳಿ ಸೇರಿಸಿದ್ದರು. ಹಿಂಬದಿಯ ಕಟ್ಟಡದ ಗುಮ್ಮಟದ ಮೇಲೆ ದೊಡ್ಡದಾಗಿ ಪಿ, ಡಿ ಅಥವಾ ಎಸ್ ಇದ್ದರೆ ಅದು ಬೆಳ್ಳಿ ಬೆರೆತ ನಾಣ್ಯ.