ಚಿಮಿಣಿ ಒಂದೇ ಉಳಿದರೆ ಸಾಲದು

'ಚಿಮಿಣಿ ಉಳಿಸಿಕೊಳ್ತೇವೆ ಸರ್, ಮಿಕ್ಕಿದ್ದು ತೆಗೀಬಹುದಲ್ವಾ?' ಮುಚ್ಚಿದ ಹಂಚಿನ ಕಾರ್ಖಾನೆ ತೋರಿಸಲು ಕರೆಯುವವರು ಹೆಚ್ಚಾಗಿ ಕೇಳುವುದು ಇದನ್ನೇ. ಹಳೆ ಕಟ್ಟಡಗಳ ದುರಸ್ತಿ ನನ್ನ ಕೆಲಸ. ಮೊದಲು ಒಳಗೆ ಹೋಗಿ ಬರೋಣ ಅನ್ನುತ್ತೇನೆ.

ಕಳೆದ ತಿಂಗಳು ಮಂಗಳೂರಿನ ಗುರುಪುರ ಹೊಳೆ ಬದಿಯ ಒಂದು ಕಾರ್ಖಾನೆಗೆ ಹೋಗಿದ್ದೆ. ಭಟ್ಟಿ ಆರಿ ಎಷ್ಟೋ ವರ್ಷವಾಗಿದೆ. ಭಟ್ಟಿಯಿಂದ ಚಿಮಿಣಿಗೆ ಹೊಗೆ ಹೋಗುವ ದಾರಿಯ ಬಾಯಿಗೆ ಒಂದು ಊದುಬತ್ತಿ ಹಿಡಿದೆ. ಹೊಗೆ ಮೇಲೇಳಲಿಲ್ಲ. ಬಾಗಿ, ನೆಲದಡಿಯ ಕತ್ತಲೆಗೆ ಸರಸರ ನುಗ್ಗಿತು. ಬೆಂಕಿಯಿಲ್ಲದಿದ್ದರೂ ಕಡಲ ಗಾಳಿ ತುದಿಗೆ ಬಡಿಯುತ್ತಿದ್ದರೆ ಚಿಮಿಣಿ ಹೀಗೆ ಎಳೆಯುತ್ತದೆ. ಭಟ್ಟಿ ಉರಿಯುವಾಗಲಂತೂ ಬಿಸಿಗಾಳಿ ಹಗುರಾಗಿ ಮೇಲೇರುತ್ತದೆ, ಆ ಜಾಗಕ್ಕೆ ಹೊಸ ಗಾಳಿ ಬೆಂಕಿಯ ಕಡೆ ಓಡಿ ಬರುತ್ತದೆ. ಎತ್ತರ ಇದ್ದಷ್ಟೂ ಎಳೆತ ಜಾಸ್ತಿ.

ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್‌ನ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ್ದು ನೇತ್ರಾವತಿಯ ದಡದಲ್ಲಿ. ಆಮೇಲೆ ಬಂದವೂ ಹೆಚ್ಚಾಗಿ ಹೊಳೆ ಬದಿಯಲ್ಲೇ. ಆವೆಮಣ್ಣು, ಸೌದೆ ದೋಣಿಯಲ್ಲಿ ಬರಬೇಕಿತ್ತು, ಹಂಚು ದೋಣಿಯಲ್ಲೇ ಬಂದರಿಗೆ ಹೋಗಬೇಕಿತ್ತು.

ನನಗೆ ಎಲ್ಲಕ್ಕಿಂತ ಇಷ್ಟ ಭಟ್ಟಿಯ ಮೇಲಿನ ಅಟ್ಟ. ಒತ್ತಿದ ಹಸಿ ಹಂಚನ್ನು ನೇರ ಬೆಂಕಿಗಿಟ್ಟರೆ ಒಡೆಯುತ್ತದೆ. ಬಿರುಬಿಸಿಲಿಗಿಟ್ಟರೆ ಸೊಟ್ಟಗಾಗುತ್ತದೆ. ನೆರಳಲ್ಲೇ ನಿಧಾನಕ್ಕೆ ಒಣಗಬೇಕು. ವರ್ಷಕ್ಕೆ ಹೆಚ್ಚುಕಮ್ಮಿ 4 ಮೀಟರ್ ಮಳೆ ಸುರಿಯುವ ಊರಲ್ಲಿ ಅದನ್ನು ಒಣಗಿಸುವುದೆಲ್ಲಿ? ಭಟ್ಟಿಯ ನೆತ್ತಿಯ ಮೇಲೆ! ಅಟ್ಟದ ಹಲಗೆಗಳ ನಡುವೆ ಬೆರಳು ತೂರುವಷ್ಟು ಸಂದು ಬಿಟ್ಟಿದ್ದಾರೆ. ಕೆಳಗಿನ ಬಿಸಿ ಆ ಸಂದಿನಲ್ಲಿ ಏರಿ, ಹಂಚಿನ ಸಾಲುಗಳ ನಡುವೆ ಹಾದು, ಪಕ್ಕದ ಮರದ ಪಟ್ಟಿಗಳ ಎಡೆಯಿಂದ ಹೊರಗೆ ಹೋಗುತ್ತದೆ. ಹಂಚನ್ನು ಸುಡುವ ಬಿಸಿಯೇ ಮುಂದಿನ ಹಂಚನ್ನೂ ಒಣಗಿಸುತ್ತದೆ. ನಾನು ಮೊಣಕಾಲೂರಿ ಹಲಗೆಯ ಸಂದಿನಲ್ಲಿ ಇಣುಕಿದೆ. ಕೆಳಗೆ ಭಟ್ಟಿಯ ಕಮಾನು, ಅದರ ಮೇಲೆ ಬೂದಿ ಬಣ್ಣದ ಧೂಳು. ಎಷ್ಟು ಚಂದ ಯೋಚನೆ ಮಾಡಿ ಕಟ್ಟಿದ್ದಾರೆ!

ಅಟ್ಟವನ್ನೂ ಅದರ ಮೇಲಿನ ಹಂಚಿನ ಮಾಡನ್ನೂ (ಚಾವಣಿ) ತೆಗೆದರೆ ಏನಾಗುತ್ತದೆ? ಮಳೆ ನೇರ ಕಮಾನಿನ ಮೇಲೆ ಬೀಳುತ್ತದೆ. ಅಲ್ಲಿ ಇಟ್ಟಿಗೆ ಕೂರಿಸಿರುವುದು ಮಣ್ಣಿನ ಗಾರೆಯಲ್ಲಿ. ಅದು ತೊಳೆದುಹೋಗುತ್ತದೆ. ಹೊಗೆದಾರಿಯಲ್ಲಿ ನೀರು ನಿಲ್ಲುತ್ತದೆ. ಆ ದಾರಿ ಮುಗಿಯುವುದು ಚಿಮಿಣಿಯ ಬುಡದಲ್ಲಿ. ಬುಡದ ಮಣ್ಣು ನೆನೆದು ಮೆತ್ತಗಾದರೆ ಅಷ್ಟೆತ್ತರದ ಚಿಮಿಣಿ ವಾಲದೆ ಇರುತ್ತದೆಯೇ? ಉಳಿಸುತ್ತೇವೆ ಅಂದದ್ದೂ ಕೈಬಿಟ್ಟಂತೆ.

ಚಿಮಿಣಿಯಲ್ಲಿ ಹುಟ್ಟಿದ ಅಶ್ವತ್ಥದ ಗಿಡವನ್ನೂ ಸುಮ್ನೆ ಕಿತ್ತೆಳೆಯಬೇಡಿ, ಬೇರಿನ ಜೊತೆ ಇಟ್ಟಿಗೆಯೂ ಬರುತ್ತದೆ. ಮೇಲಿಂದ ಕತ್ತರಿಸಿ, ಬೇರು ಸಾಯಿಸಿ, ಆಮೇಲೆ ಸುಣ್ಣದ ಗಾರೆ ತುಂಬಿಸಿ. ಸಿಮೆಂಟ್ ಬೇಡ. ಅದು ಹಳೆ ಇಟ್ಟಿಗೆಯೊಳಗಿನ ತೇವವನ್ನು ಹೊರಗೆ ಬಿಡುವುದಿಲ್ಲ.

'ಹಾಗಾದ್ರೆ ಮೊದಲು ಏನು ಮಾಡೋದು ಸರ್?' ಅಂದರು ಮಾಲೀಕರು. ಮಳೆಗಾಲಕ್ಕೆ ಮೊದಲು ಮಾಡಿನ ಕೊಳೆತ ರೀಪು (ಹಂಚು ಕೂರುವ ಮರದ ಪಟ್ಟಿ), ಒಡೆದ ಹಂಚು ಬದಲಿಸಿ ಅಂದೆ. ಹಂಚು ಹುಡುಕಿಕೊಂಡು ದೂರ ಹೋಗಬೇಕಾಗಿರಲಿಲ್ಲ. ಮಾರಾಟವಾಗದ ರಾಶಿ ಶೆಡ್ಡಿನ ಮೂಲೆಯಲ್ಲಿ ಹಾಗೇ ಇತ್ತು.