ಅಕ್ಕಿಯ ಬೂಷ್ಟಿನಲ್ಲಿ ಸಿಕ್ಕ ಹೃದಯದ ಔಷಧಿ

ಪುನರ್ವಸು ಮಳೆ ಹಿಡಿದರೆ ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಬೂಷ್ಟು ಬಾರದ ಜಾಗವೇ ಇಲ್ಲ. ಚಪ್ಪಲಿ, ಬೆಲ್ಟು, ಬೀರುವಿನೊಳಗಿನ ರೇಷ್ಮೆ ಸೀರೆ, ಅಟ್ಟದ ಮೇಲಿನ ಅಡಿಕೆ, ಯಾವುದನ್ನೂ ಬಿಡುವುದಿಲ್ಲ. ಮೊನ್ನೆ ಅಮ್ಮ ಅಕ್ಕಿ ಡಬ್ಬದ ಮುಚ್ಚಳ ತೆಗೆದಾಗ ಒಂದು ಮೂಲೆಯಲ್ಲಿ ನೀರು ತಾಗಿ ಅಕ್ಕಿ ಗಂಟು ಕಟ್ಟಿತ್ತು. ಮೇಲೆ ನೀಲಿ ಹಸಿರು ಪುಡಿ ಉದುರಿಸಿದ ಹಾಗಿತ್ತು, ಅಂಚಿಗೆ ಬಿಳಿ. ಬೆರಳು ತಾಗಿಸಿದರೆ ಧೂಳಿನಂತೆ ಏಳುತ್ತಿತ್ತು. ಹಿತ್ತಲಿನ ಕೋಳಿಗೂ ಹಾಕದೆ ಅಮ್ಮ ಅದನ್ನು ಗೊಬ್ಬರಗುಂಡಿಗೆ ಚೆಲ್ಲಿ ಬಂದಳು. ರಾತ್ರಿ ಊಟ ಮುಗಿಸಿ ಎಂದಿನಂತೆ ಕೊಲೆಸ್ಟೆರಾಲ್ ಮಾತ್ರೆ ನುಂಗಿದಳು.

"ಈ ಜಾತಿಯ ಮಾತ್ರೆ ಮೊದಲು ಸಿಕ್ಕಿದ್ದೇ ಅಕ್ಕಿಯ ಬೂಷ್ಟಿನಲ್ಲಿ" ಅಂದೆ. "ಸುಮ್ನಿರು ಮಾರಾಯ" ಅಂದಳು.

ಅದನ್ನು ಹುಡುಕಿದವರು ಜಪಾನಿನ ಅಕಿರಾ ಎಂಡೊ. ಹುಟ್ಟಿದ್ದು 1933ರಲ್ಲಿ, ಅಕಿಟಾ ಪ್ರಾಂತ್ಯದ ರೈತರ ಮನೆಯಲ್ಲಿ. ನಮ್ಮಲ್ಲಿ ಮಕ್ಕಳು ಹುತ್ತದ ಪಕ್ಕ ಅಣಬೆ ಹುಡುಕುತ್ತಾ ಅಲೆಯುತ್ತಾರಲ್ಲ, ಹಾಗೆ ಅವರೂ ಅಜ್ಜನ ಜೊತೆ ಅಣಬೆ ಕೀಳುತ್ತಾ ಬೆಳೆದರು. ಅಲ್ಲಿ ಒಂದು ಅಣಬೆ ನೊಣವನ್ನು ಕೊಲ್ಲುತ್ತದೆ, ಮನುಷ್ಯರನ್ನು ಕೊಲ್ಲುವುದಿಲ್ಲ. ಹೈಸ್ಕೂಲಿನಲ್ಲಿದ್ದಾಗಲೇ ಎಂಡೊ ಅದನ್ನು ಕುದಿಸಿ, ಬರೀ ಆ ನೀರಿಗೇ ನೊಣ ಸಾಯುತ್ತದೆ ಎಂದು ತೋರಿಸಿದರು. ನನಗೆ ಅವರ ಇಡೀ ಬದುಕು ಈ ಪ್ರಯೋಗದಲ್ಲೇ ಕಾಣುತ್ತದೆ.

ಮುಂದೆ ಟೋಕಿಯೋದ ಔಷಧ ಕಂಪನಿ ಸ್ಯಾಂಕ್ಯೊ ಸೇರಿದರು. 1966ರಿಂದ 2 ವರ್ಷ ನ್ಯೂಯಾರ್ಕಿನಲ್ಲಿ ಸಂಶೋಧನೆ ಮಾಡಿದರು. ಹೃದಯಾಘಾತವಾದ ವಯಸ್ಸಾದವರನ್ನು ಆಂಬುಲೆನ್ಸಿನಲ್ಲಿ ಒಯ್ಯುವುದನ್ನು ಅಲ್ಲಿ ಮತ್ತೆ ಮತ್ತೆ ನೋಡಿದರು. ಊರಿಗೆ ಮರಳುವಾಗ ಮನಸ್ಸಿನಲ್ಲಿ ಕೊಲೆಸ್ಟೆರಾಲ್ ಕೂತಿತ್ತು.

ಕೊಲೆಸ್ಟೆರಾಲ್ ಬರುವುದು ಊಟದಿಂದ ಮಾತ್ರ ಅಲ್ಲ. ಜಾಸ್ತಿ ಪಾಲನ್ನು ನಮ್ಮ ದೇಹವೇ ತಯಾರಿಸಿಕೊಳ್ಳುತ್ತದೆ, ಅದರಲ್ಲಿ ಲಿವರಿನ ಕೆಲಸ ದೊಡ್ಡದು. ಈ ತಯಾರಿಕೆಗೆ ಹತ್ತಾರು ಹಂತಗಳಿವೆ. ಶುರುವಿನಲ್ಲೇ ಬರುವ ಒಂದು ಹಂತ ಕೆರೆಯ ತೂಬಿದ್ದಂತೆ. ಎಷ್ಟು ತೆರೆದರೆ ಅಷ್ಟೇ ಹರಿವು. ಆ ತೂಬು ಒಂದು ಕಿಣ್ವ, ಹೆಸರು ಎಚ್‌ಎಂಜಿ-ಕೋಎ ರಿಡಕ್ಟೇಸ್. ಅದನ್ನು ಅರ್ಧ ಮುಚ್ಚುವ ವಸ್ತು ಬೇಕಿತ್ತು.

ಎಂಡೊ ಅದನ್ನು ಬೂಷ್ಟಿನಲ್ಲಿ ಹುಡುಕಲು ಹೊರಟರು. ಅನೇಕ ಸೂಕ್ಷ್ಮಜೀವಿಗಳ ಮೈಪೊರೆಗೂ ಕೊಲೆಸ್ಟೆರಾಲಿನ ಬಂಧುಗಳಾದ ಕೊಬ್ಬುಗಳು ಬೇಕು. ಹಾಗಾದರೆ ಎದುರಾಳಿಯ ತೂಬು ಮುಚ್ಚಿಸುವ ವಿಷವನ್ನು ಯಾವುದಾದರೂ ಬೂಷ್ಟು ತಯಾರಿಸುತ್ತಿರಬೇಕಲ್ವಾ? 1971ರಲ್ಲಿ ಹುಡುಕಾಟ ಶುರುವಾಯಿತು. 2 ವರ್ಷದಲ್ಲಿ ಸುಮಾರು 6,000 ತಳಿ ಬೆಳೆಸಿ ಪರೀಕ್ಷಿಸಿದರು. ನಡುವೆ ಸಿಕ್ಕ ಒಂದು ವಸ್ತು ಕಿಡ್ನಿಗೆ ವಿಷವೆಂದು ಬಿಡಬೇಕಾಯಿತು. ಕೊನೆಗೆ 1973ರಲ್ಲಿ ಒಂದು ಬೂಷ್ಟು ಕೈಹಿಡಿಯಿತು. ಅದು ಕ್ಯೋಟೋದ ಧಾನ್ಯದ ಅಂಗಡಿಯೊಂದರ ಅಕ್ಕಿಯಲ್ಲಿ ಬೆಳೆದಿದ್ದ ಪೆನಿಸಿಲಿಯಂ ಸಿಟ್ರಿನಂ. ಅದರಿಂದ ತೆಗೆದ ವಸ್ತುವೇ ಕಾಂಪ್ಯಾಕ್ಟಿನ್, ಮೊದಲ ಸ್ಟ್ಯಾಟಿನ್. ಈ ತೂಬು ಮುಚ್ಚುವ ಔಷಧಗಳಿಗೆಲ್ಲ ಸ್ಟ್ಯಾಟಿನ್ ಎಂದೇ ಹೆಸರು.

ಆದರೆ ಇಲಿಗಳಿಗೆ ಕೊಟ್ಟರೆ ಕೊಲೆಸ್ಟೆರಾಲ್ ಇಳಿಯಲೇ ಇಲ್ಲ. ಇಲಿಯ ಲಿವರು ಹೆಚ್ಚು ಹೆಚ್ಚು ಕಿಣ್ವ ತಯಾರಿಸಿ ಔಷಧವನ್ನೇ ಸೋಲಿಸುತ್ತಿತ್ತು. ಎಷ್ಟೋ ಒಳ್ಳೆಯ ಔಷಧಗಳು ಇಂಥ ಕಡೆಯೇ ಕಸದ ಬುಟ್ಟಿ ಸೇರಿರಬಹುದು ಎಂದು ನೆನೆದರೆ ಸಂಕಟವಾಗುತ್ತದೆ. ಎಂಡೊ ಬಿಡಲಿಲ್ಲ. ಮೊಟ್ಟೆಯ ಹಳದಿಯಲ್ಲಿ ಅಷ್ಟು ಕೊಲೆಸ್ಟೆರಾಲ್ ಇದೆ ಅಂದಮೇಲೆ, ಮೊಟ್ಟೆ ಇಡುವ ಕೋಳಿಯ ಮೈಯಲ್ಲಿ ಅದರ ತಯಾರಿಕೆ ಜೋರಾಗಿಯೇ ಇರಬೇಕು ಎಂದು ಯೋಚಿಸಿದರು. ಸಹೋದ್ಯೋಗಿಯೊಬ್ಬರು ಬೇರೆ ಪ್ರಯೋಗಕ್ಕೆ ಕೋಳಿ ಸಾಕಿದ್ದರು. 1976ರಲ್ಲಿ ಆ ಕೋಳಿಗಳ ಆಹಾರಕ್ಕೆ ಕಾಂಪ್ಯಾಕ್ಟಿನ್ ಬೆರೆಸಿದರು. ರಕ್ತದ ಕೊಲೆಸ್ಟೆರಾಲ್ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯಿತು.

ತೂಬು ಮುಚ್ಚಿದರೆ ರಕ್ತದಲ್ಲಿರುವುದು ಯಾಕೆ ಇಳಿಯಬೇಕು? ಇದಕ್ಕೆ ಉತ್ತರ ಅಮೆರಿಕದ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೈನ್ ಅವರ ಕೆಲಸದಲ್ಲಿದೆ. ಒಳಗಿನ ತಯಾರಿಕೆ ಕಡಿಮೆಯಾದಾಗ ಲಿವರಿನ ಜೀವಕೋಶ ತನ್ನ ಮೈಮೇಲೆ ಹೆಚ್ಚು ರಿಸೆಪ್ಟರುಗಳನ್ನು ಇಡುತ್ತದೆ. ಅವು ರಕ್ತದಲ್ಲಿ ಕೊಲೆಸ್ಟೆರಾಲ್ ಹೊತ್ತು ಓಡಾಡುವ ಎಲ್‌ಡಿಎಲ್ ಕಣಗಳನ್ನು ಹಿಡಿದು ಒಳಗೆ ಎಳೆದುಕೊಳ್ಳುತ್ತವೆ. ರಕ್ತನಾಳದ ಗೋಡೆಗೆ ಸೇರಿ ಕಟ್ಟಿಕೊಳ್ಳುವುದು ಈ ಎಲ್‌ಡಿಎಲ್ಲೇ. ಅವರಿಬ್ಬರಿಗೆ 1985ರಲ್ಲಿ ನೊಬೆಲ್ ಬಂತು. ಎಂಡೊಗೆ ಬರಲೇ ಇಲ್ಲ, ಅದು ನನಗೆ ಇವತ್ತಿಗೂ ಬೇಸರದ ವಿಷಯ.

1978ರಲ್ಲಿ ಒಸಾಕಾದ ವೈದ್ಯ ಅಕಿರಾ ಯಮಾಮೊಟೊ ಕಾಂಪ್ಯಾಕ್ಟಿನ್ನನ್ನು ಮೊದಲ ಬಾರಿ ರೋಗಿಗೆ ಕೊಟ್ಟರು. ಹುಟ್ಟಿನಿಂದಲೇ ಕೊಲೆಸ್ಟೆರಾಲ್ ವಿಪರೀತವಿದ್ದ 18 ವರ್ಷದ ಹುಡುಗಿ ಆಕೆ. ಕೊಲೆಸ್ಟೆರಾಲ್ ಇಳಿಯಿತು, ಆದರೆ ಸ್ನಾಯುಗಳು ಸೋತವು. ಪ್ರಮಾಣ ಕಡಿಮೆ ಮಾಡಿ ಮುಂದುವರಿದರು. ಈಗಲೂ ಸ್ಟ್ಯಾಟಿನ್ ತಗೊಳ್ಳುವವರಿಗೆ ಮೈಕೈ ನೋವಿದೆಯಾ ಎಂದು ಡಾಕ್ಟರು ಕೇಳುವುದು ಇದಕ್ಕೇ. ನೋವಿದ್ದರೆ ಅವರಿಗೆ ಹೇಳಿ, ನೀವೇ ಮಾತ್ರೆ ನಿಲ್ಲಿಸಬೇಡಿ.

ಕಾಂಪ್ಯಾಕ್ಟಿನ್ ಅಂಗಡಿಗೆ ಬರಲಿಲ್ಲ, 1980ರಲ್ಲಿ ಕಂಪನಿ ಕೈಬಿಟ್ಟಿತು. 1987ರಲ್ಲಿ ಅಮೆರಿಕದ ಮರ್ಕ್ ಕಂಪನಿಯ ಲೊವಾಸ್ಟಾಟಿನ್ ಬಂತು, ಅದೂ ಬೂಷ್ಟಿನದೇ. ಅಮ್ಮ ನುಂಗುವ ಅಟೊರ್ವಾಸ್ಟಾಟಿನ್ ಪೂರ್ತಿ ಕಾರ್ಖಾನೆಯಲ್ಲೇ ತಯಾರಾಗುತ್ತದೆ. ಆದರೆ ಮುಚ್ಚುವುದು ಅದೇ ತೂಬನ್ನು. ಎಂಡೊ 2024ರ ಜೂನಿನಲ್ಲಿ, 90ನೇ ವಯಸ್ಸಿನಲ್ಲಿ ತೀರಿಕೊಂಡರು.

ಇಷ್ಟೂ ಕೇಳಿದ ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಕೇಳಿದಳು: "ಪಾಪ, ಆ ಕೋಳಿಗಳು ಮೊಟ್ಟೆ ಇಡೋದು ನಿಲ್ಲಿಸಿದ್ವಾ?"

ಇಲ್ಲ. ಎಂಡೊ ಅದನ್ನೂ ಬರೆದಿಟ್ಟಿದ್ದಾರೆ. ತೂಕ, ಮೇವು, ಮೊಟ್ಟೆ ಎಲ್ಲ ಮೊದಲಿನ ಹಾಗೇ ಇತ್ತು.