ತರಗೆಲೆ ಯಾರದ್ದು? ಬೆಂಗಳೂರಿನ ಎಲೆಗೊಬ್ಬರದ ಹಿಂದಿನ ಲೆಕ್ಕ

ಫೆಬ್ರುವರಿ ಬಂತೆಂದರೆ ಬೆಂಗಳೂರಿನ ಹಳೇ ಬಡಾವಣೆಗಳ ಫುಟ್‌ಪಾತ್ ಮೇಲೆ ತರಗೆಲೆ ಮೂಟೆಗಳು ಸಾಲಾಗಿ ಕೂರುತ್ತವೆ. ಕೆಲವು ವಾರಗಟ್ಟಲೆ ಅಲ್ಲೇ ಇರುತ್ತವೆ. ಇನ್ನು ಕೆಲವಕ್ಕೆ ಬೆಳಗಿನ ಜಾವ ಯಾರೋ ಬೆಂಕಿ ಇಡುತ್ತಾರೆ. ಎಲೆ ಸುಡಬಾರದು ಅಂತ 2016ರ ಘನತ್ಯಾಜ್ಯ ನಿಯಮಗಳಲ್ಲೇ ಹೇಳಿತ್ತು.

ಗೊಬ್ಬರ ಮಾಡುವುದು ಈ ಊರಿಗೆ ಹೊಸದೇನಲ್ಲ. ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮ ಹುಟ್ಟಿದ್ದೇ 1975ರಲ್ಲಿ. 80ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಮತ್ತವರ ತಂಡ ಊರ ತುಂಬ ಸುಮಾರು 15 ಲಕ್ಷ ಸಸಿ ನೆಟ್ಟಿತು. ಅವು ಎಲೆ ಉದುರಿಸುವ ದೊಡ್ಡ ಮರಗಳಾಗುವ ಹೊತ್ತಿಗೆ ಊರಿನ ಕಸವನ್ನು ಲಾರಿಗೆ ತುಂಬಿ ಹೊರಗಿನ ಹಳ್ಳಿಗಳಿಗೆ ಸಾಗಿಸುವುದು ರೂಢಿಯಾಗಿತ್ತು.

ಆ ರೂಢಿಗೆ ಪೆಟ್ಟು ಬಿದ್ದದ್ದು 2012ರಿಂದ ಈಚೆಗೆ. ಮೊದಲು ಮಾವಳ್ಳಿಪುರದ ಕಸದ ಗುಡ್ಡೆ ಮುಚ್ಚಿತು. 2014ರಲ್ಲಿ ಮಂಡೂರಿನ ಜನ ಲಾರಿ ತಡೆದರು. 2015ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ‘ಎರಡು ಡಬ್ಬಿ, ಒಂದು ಚೀಲ’ ಕಡ್ಡಾಯ ಮಾಡಿತು. ಹಸಿ ಕಸಕ್ಕೊಂದು, ಸ್ಯಾನಿಟರಿ ಕಸಕ್ಕೊಂದು ಡಬ್ಬಿ. ಒಣ ಕಸಕ್ಕೆ ಚೀಲ. ರಸ್ತೆಯ ಎಲೆ ಯಾವ ಡಬ್ಬಿಗೂ ಸೇರಲಿಲ್ಲ.

ಇದೇ ಹೊತ್ತಿಗೆ ಚಿಕ್ಕನಾಗಮಂಗಲ, ಕನ್ನಹಳ್ಳಿ ಮೊದಲಾದ ಕಡೆ ಹಸಿ ಕಸವನ್ನು ಗೊಬ್ಬರ ಮಾಡುವ ಘಟಕಗಳು ಬಂದವು. ಸುತ್ತಲಿನವರು ವಾಸನೆ ತಡೆಯಲಾರದೆ ಜಗಳಕ್ಕಿಳಿದರು. ಹಸಿ ಕಸ ನಾರುವುದಕ್ಕೆ ಒಂದು ಕಾರಣ ಅದರೊಳಗೆ ಗಾಳಿ ಆಡದಿರುವುದು. ನಡುನಡುವೆ ಒಣ ಎಲೆ ಬೆರೆಸಿದರೆ ನೀರೂ ಹೀರುತ್ತದೆ, ಗಾಳಿಯೂ ಆಡುತ್ತದೆ. ಇತ್ತ ಬರೀ ಎಲೆಯಲ್ಲಿ ಸಾರಜನಕ ತೀರಾ ಕಡಿಮೆ, ಹಾಗಾಗಿ ಅದೊಂದೇ ಬೇಗ ಕೊಳೆಯುವುದಿಲ್ಲ. ಒಂದಕ್ಕೆ ಇನ್ನೊಂದು ಬೇಕು. ಆದರೆ ಒಂದು ಊರಾಚೆ ನಾರುತ್ತಿತ್ತು, ಇನ್ನೊಂದು ಊರೊಳಗೆ ಉರಿಯುತ್ತಿತ್ತು.

ಖರ್ಚಿನ ವಿಷಯಕ್ಕೆ ಬಂದರೆ, ಎಲೆಯ ಮುಖ್ಯ ತೊಂದರೆ ಅದರ ಹಗುರ. ಲಾರಿ ತುಂಬಿ ತುಳುಕಿದರೂ ತೂಕ ಬರುವುದಿಲ್ಲ. ಡೀಸೆಲ್, ಡ್ರೈವರ್, ಲೋಡರ್ ಕೂಲಿ ಮಾತ್ರ ಪೂರ್ತಿ. ಅಂದರೆ ಬಹುಪಾಲು ಗಾಳಿಯನ್ನೇ ದುಡ್ಡು ಕೊಟ್ಟು ಸಾಗಿಸಿದ ಹಾಗೆ, ಅಲ್ವಾ? ಶ್ರೆಡ್ಡರ್‌ಗೆ ಹಾಕಿ ಪುಡಿ ಮಾಡಿದರೆ ಗಾತ್ರ ಇಳಿಯುತ್ತದೆ, ಬೇಗ ಕೊಳೆಯುತ್ತದೆ. ಆದರೆ ಬ್ಲೇಡು ಮೊಂಡಾದರೆ ಬದಲಿಸಬೇಕು, ಕರೆಂಟು ಬೇಕು, ನಡೆಸುವ ಆಳು ಬೇಕು. ಮಷೀನು ಕೊಳ್ಳುವುದಕ್ಕೆ ಹೇಗೋ ದುಡ್ಡು ಹುಟ್ಟುತ್ತದೆ. ನಡೆಸುವುದಕ್ಕೆ ಹುಟ್ಟುವುದು ಕಷ್ಟ.

ಅದಕ್ಕೇ ಕೆಲವು ಬಡಾವಣೆಗಳಲ್ಲಿ ಜನರೇ ಪಾರ್ಕಿನ ಮೂಲೆಯಲ್ಲಿ ತಂತಿ ಜಾಲರಿ ಸುತ್ತಿ ಎಲೆ ತುಂಬತೊಡಗಿದರು. ನಡುನಡುವೆ ಸಗಣಿ ನೀರೋ ಹುಳಿ ಮಜ್ಜಿಗೆಯೋ ಚಿಮುಕಿಸಿ, ತೇವ ಆರದಂತೆ ನೋಡಿಕೊಂಡರೆ ನಾಲ್ಕಾರು ತಿಂಗಳಲ್ಲಿ ಗೊಬ್ಬರ. ಎಚ್‌ಎಸ್‌ಆರ್ ಲೇಔಟ್‌ನ ಸ್ವಚ್ಛಗೃಹ ಕಲಿಕಾ ಕೇಂದ್ರದಲ್ಲಿ ಇಂಥ ವಿಧಾನಗಳನ್ನು ಕಣ್ಣಾರೆ ನೋಡಬಹುದು. ಪಾರ್ಕಿನ ಜಾಲರಿಗೆ ಸಾಗಣೆ ಖರ್ಚೇ ಇಲ್ಲ. ಆದರೆ ಬೇಸಿಗೆಯಲ್ಲಿ ನೀರು ಯಾರು ಹಾಕಬೇಕು ಎಂಬಲ್ಲಿಗೆ ಎಷ್ಟೋ ಜಾಲರಿಗಳ ಉತ್ಸಾಹ ಒಣಗಿತು.

ಆಡಳಿತದ ಗಂಟು ಬೇರೆಯೇ. ಎಲೆ ಮರದ ಮೇಲಿದ್ದಾಗ ಪಾಲಿಕೆಯ ಅರಣ್ಯ ವಿಭಾಗದ್ದು. ಪಾರ್ಕಿನೊಳಗೆ ಬಿದ್ದರೆ ತೋಟಗಾರಿಕೆಯವರದ್ದು. ರಸ್ತೆಗೆ ಬಿದ್ದರೆ ಘನತ್ಯಾಜ್ಯದವರದ್ದು. ಕರೆಂಟು ತಂತಿಗೆ ತಾಗುವ ಕೊಂಬೆ ಕಡಿಯುವವರು ಬೆಸ್ಕಾಂನವರು. ಗುಡಿಸುವ ಪೌರಕಾರ್ಮಿಕರ ಕೈಗೆ ಇದೆಲ್ಲ ಸೇರಿ ಒಂದೇ ರಾಶಿಯಾಗಿ ಸಿಗುತ್ತದೆ. ಕಸ ಒಯ್ಯುವ ಟಿಪ್ಪರ್‌ನವರು ‘ಇದು ನಮ್ದಲ್ಲ’ ಅಂದರೆ ಪೌರಕಾರ್ಮಿಕರು ಆ ಮೂಟೆಯನ್ನು ಎಲ್ಲಿಗೆ ಹೊರಬೇಕು?

ಮಾರಾಟವೂ ಸುಲಭವಿಲ್ಲ. 2016ರಲ್ಲಿ ಕೇಂದ್ರ ಸರ್ಕಾರ ನಗರದ ಕಸದಿಂದಾಗುವ ಗೊಬ್ಬರಕ್ಕೆ ಟನ್‌ಗೆ 1,500 ರೂಪಾಯಿ ನೆರವು ಘೋಷಿಸಿತು. ಅದು ದೊಡ್ಡ ಘಟಕಗಳನ್ನು ಕಣ್ಣಲ್ಲಿಟ್ಟುಕೊಂಡ ಯೋಜನೆ. ಪಾರ್ಕಿನ ಜಾಲರಿಯ ಗೊಬ್ಬರ ಅದೇ ಪಾರ್ಕಿನ ಗಿಡಕ್ಕೆ ಹೋಗುತ್ತದೆ. ಉಳಿತಾಯ ಇದೆ, ಆದರೆ ಯಾವ ಲೆಕ್ಕದ ಪುಸ್ತಕದಲ್ಲೂ ಆದಾಯ ಅಂತ ಕಾಣುವುದಿಲ್ಲ.

2025ರ ಏಪ್ರಿಲ್‌ನಿಂದ ಆಸ್ತಿ ತೆರಿಗೆಯ ಜೊತೆ ಕಸದ ಶುಲ್ಕವೂ ಬರುತ್ತಿದೆ. ಮನೆಗಳಿಗೆ ಕಟ್ಟಡದ ವಿಸ್ತೀರ್ಣ ನೋಡಿ ತಿಂಗಳಿಗೆ 10ರಿಂದ 400 ರೂಪಾಯಿ. ಅಳೆಯುವುದು ಕಟ್ಟಡವನ್ನು, ಕೈತೋಟವನ್ನಲ್ಲ. ಹಾಗಾಗಿ ವಾರಕ್ಕೆರಡು ಮೂಟೆ ಎಲೆಯನ್ನು ಗೇಟಿನಾಚೆ ಇಡುವ ಮನೆಗೂ, ಅಷ್ಟನ್ನೂ ಹಿತ್ತಲಿನ ಗುಂಡಿಗೇ ಹಾಕುವ ಮನೆಗೂ ಕಟ್ಟಡ ಒಂದೇ ಅಳತೆಯದಾದರೆ ಶುಲ್ಕವೂ ಒಂದೇ.